ಶನಿವಾರ ಮಧ್ಯಾಹ್ನ ಒಂದೇ ಇರೋದು: ಕವ್ವಾಲಿ ಪ್ರಾಕ್ಟೀಸಾ, ಹಾಯಿದೋಣಿಯಾ?

ಹಿನ್ನೀರು_ಹಾರ್ಮೋನಿಯಂ

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಒಂಬತ್ತನೇ ಕ್ಲಾಸು. ಇಲ್ಲಿ ನಮ್ಮ ಕಡೆಯವರೇ ಜಾಸ್ತಿ ಇದ್ದೀರಿ ಅಂತ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಶಾಲೆಯ ಕವ್ವಾಲಿ ತಂಡ ಪ್ರತಿಭಾ ಕಾರಂಜಿಯಲ್ಲಿ ಕ್ಲಸ್ಟರ್ ಗೆದ್ದು ತಾಲ್ಲೂಕು ಮಟ್ಟಕ್ಕೆ ಬಂದಿದೆ. ಆರು ಜನ ಇದ್ದೇವೆ. ನಾನು ಹಾರ್ಮೋನಿಯಂ, ಒಬ್ಬ ತಬಲಾ, ಉಳಿದವರು ಹಾಡು ಮತ್ತು ಚಪ್ಪಾಳೆ. ಮಲೆನಾಡಿನ ಶಾಲೆಗೆ ಕವ್ವಾಲಿ ಎಂತಕ್ಕೆ ಅಂತ ಕೇಳಬೇಡಿ. ಸ್ಪರ್ಧೆಯ ಪಟ್ಟಿಯಲ್ಲಿ ಇದೆ, ಸೇರುವ ಶಾಲೆಗಳು ಕಡಿಮೆ, ಅದಕ್ಕೇ ನಮ್ಮ ಸರ್ ಅದನ್ನು ಹಿಡಿದರು. ಈಗ ನಮಗೇ ಹುಚ್ಚು ಹಿಡಿದಿದೆ. ಊಟದ ಬಿಡುವಿನಲ್ಲಿ ಡೆಸ್ಕ್ ಬಡಿದು ಬಡಿದು ಗಣಿತದ ಮೇಡಂ ಹತ್ತಿರ ಬೈಸಿಕೊಂಡಾಗಿದೆ.

ಇನ್ನೊಂದು ಹುಚ್ಚು ನನ್ನ ಸೋದರಮಾವನಿಂದ ಬಂದಿದ್ದು. ಮಾವ ನೇವಿಯಲ್ಲಿದ್ದು ರಿಟೈರ್ ಆದವರು. ಈಗ ಶರಾವತಿ ಹಿನ್ನೀರಿನ ಒಂದು ಸಾಹಸ ಶಿಬಿರದಲ್ಲಿ ಕಲಿಸುತ್ತಾರೆ. ಅಲ್ಲಿ ಕಯಾಕ್, ಹರಿಗೋಲಿನ ಜೊತೆಗೆ ಎರಡು ಹಾಯಿದೋಣಿ ಇವೆ. ಒಂದು ಆಪ್ಟಿಮಿಸ್ಟ್, ಒಬ್ಬರೇ ಕೂರುವ ಪುಟ್ಟ ದೋಣಿ. ಇನ್ನೊಂದು ಇಬ್ಬರು ಕೂರುವ ಹಳೇ ದೋಣಿ. ದಸರಾ ರಜೆಯಲ್ಲಿ ಕಲಿತೆ. ಎಂಜಿನ್ ಇಲ್ಲ, ಹುಟ್ಟು ಹಾಕುವುದಿಲ್ಲ, ಸುಮ್ನೆ ಹಗ್ಗ ಎಳೆದು ಕೂತರೆ ದೋಣಿ ಒಂದು ಕಡೆ ವಾಲಿ ಓಡಲು ಶುರು ಮಾಡುತ್ತದೆ. ಆಗ ಹೊಟ್ಟೆಯಲ್ಲಿ ಏನೋ ಆಗತ್ತಲ್ಲ, ಅದು ಇನ್ನೂ ಹೋಗಿಲ್ಲ.

ತೊಂದರೆ ಏನೆಂದರೆ, ಎರಡಕ್ಕೂ ಇರೋದು ಶನಿವಾರ ಮಧ್ಯಾಹ್ನ ಒಂದೇ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಪ್ರಾಕ್ಟೀಸು. ಹಿನ್ನೀರಿನಲ್ಲಿ ಗಾಳಿ ಏಳೋದೂ ಮಧ್ಯಾಹ್ನವೇ, ಬೆಳಿಗ್ಗೆ ನೀರು ಅಲ್ಲಾಡುವುದಿಲ್ಲ. ಭಾನುವಾರ ಶಿಬಿರದಲ್ಲಿ ಬೆಂಗಳೂರಿನವರು ತುಂಬಿರುತ್ತಾರೆ, ದೋಣಿ ಖಾಲಿ ಇರುವುದಿಲ್ಲ.

ಇದರ ಮೇಲೆ ನಮ್ಮ ಮುಖ್ಯ ಹಾಡುಗಾರನ ದನಿ ಒಡೆದಿದೆ. ಕ್ಲಸ್ಟರ್ ದಿನ ಚೆನ್ನಾಗಿತ್ತು, ಈಗ ಮೇಲಿನ ಸ್ವರಕ್ಕೆ ಹೋದರೆ ಕೀಚಲು, ಕೆಳಗೆ ಬಂದರೆ ಗೊಗ್ಗರು. ಅವನಿಗೇ ನಗು ಬಂದು ನಿಲ್ಲಿಸುತ್ತಾನೆ. ಹಾಗಾಗಿ ಪ್ರಾಕ್ಟೀಸು ಜಾಸ್ತಿ ಬೇಕು. ಕಳೆದ ಶನಿವಾರ ಮಾವ ಬೈಕ್ ತಂದು ಗೇಟ್ ಹತ್ತಿರ ನಿಂತರು, ನಾನು ಅರ್ಧಕ್ಕೇ ಎದ್ದು ಹೊರಟೆ. ಅವತ್ತಿನಿಂದ ನನ್ನ ಬೆಸ್ಟ್ ಫ್ರೆಂಡ್ ಮಾತಾಡುತ್ತಿಲ್ಲ. ಅವಳೂ ತಂಡದಲ್ಲಿ ಹಾಡುತ್ತಾಳೆ. ಹಿನ್ನೀರಿನಾಚೆಯ ತುಮರಿ ಕಡೆಯವಳು, ಇಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಒಂದೇ ಬೆಂಚು, ನಮ್ಮಿಬ್ಬರ ನಡುವೆ ಈಗ ಅವಳ ಬ್ಯಾಗು ಕೂತಿದೆ.

ಮನೆಯಲ್ಲಿ ಅಮ್ಮ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಹೇಗೂ ಎರಡರಲ್ಲಿ ಒಂದು ಬಿಡು ಅನ್ನುತ್ತಿದ್ದಾರೆ. ಅಪ್ಪ ಏನೂ ಹೇಳುವುದಿಲ್ಲ, ಅಡಿಕೆ ಕೊಯ್ಲಿನ ತಲೆಬಿಸಿಯಲ್ಲಿದ್ದಾರೆ. ಎರಡನ್ನೂ ಇಟ್ಟುಕೊಳ್ಳುವ ದಾರಿ ಇದೆಯಾ?

ಇನ್ನೊಂದು ಸಣ್ಣದು. ಹಗ್ಗ ಹಿಡಿದು ಬಲಗೈ ಬೆರಳುಗಳಲ್ಲಿ ಗುಳ್ಳೆ ಎದ್ದಿದೆ. ಪೇಟಿ (ಹಾರ್ಮೋನಿಯಂ) ನುಡಿಸುವಾಗ ಉರಿಯುತ್ತದೆ. ಯಾರಿಗಾದರೂ ಉಪಾಯ ಗೊತ್ತಾ?

ಗಣಪತಿಕೆರೆ_ದಂಡೆ

ಸುಲಭ ಇದೆ ಮಾರಾಯ್ತಿ. ದೋಣಿಯನ್ನು ಗಣಪತಿ ಕೆರೆಗೆ ತಂದುಬಿಡು. ಶಾಲೆ ಬಿಟ್ಟು ಹತ್ತು ನಿಮಿಷ. ನಾವೂ ದಂಡೆ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ ನೋಡಬಹುದು.

ಹಿನ್ನೀರು_ಹಾರ್ಮೋನಿಯಂ

ಮಾವನಿಗೆ ಹೇಳಿದೆ. ಪೇಟೆ ನಡುವಿನ ಕೆರೆಯಲ್ಲಿ ಗಾಳಿ ಕಟ್ಟಡಕ್ಕೆ ಬಡಿದು ನಾಲ್ಕು ಕಡೆಯಿಂದ ಬರುತ್ತದೆ, ದೋಣಿ ಇದ್ದಲ್ಲೇ ಗಿರಿಗಿಟ್ಲೆ ತಿರುಗುತ್ತದೆ ಅಂದರು. ಮಂಡಕ್ಕಿ ತಿನ್ನುವವರಿಗೆ ಮಾತ್ರ ಲಾಭ.

ಎರಡು_ಮಕ್ಕಳ_ಅಪ್ಪ

ನಾನು ನೇರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ. 625ಕ್ಕೆ ಎಷ್ಟು ಬಂತು ಅಂತ ಕೇಳುತ್ತಾರೆಯೇ ಹೊರತು ದೋಣಿ ಎಷ್ಟು ಚೆನ್ನಾಗಿ ಬಿಡುತ್ತೀ ಅಂತ ಯಾರೂ ಕೇಳುವುದಿಲ್ಲ. ಹಾಡು ಹೋಗಲಿ, ಅದು ಮನೆಯೊಳಗೆ ಆಗುತ್ತದೆ. ಹಿನ್ನೀರು ಆಟದ ಜಾಗ ಅಲ್ಲ. ಈಜಲು ಹೋಗಿ ಮುಳುಗಿದರು ಅಂತ ಪೇಪರಿನಲ್ಲಿ ಓದದ ವರ್ಷ ಇದೆಯಾ? ಅದರಲ್ಲೂ ಹೆಣ್ಣುಮಗು. ನಿಮ್ಮಮ್ಮ ಹೇಳುವುದು ಸರಿ.

ಹಿನ್ನೀರು_ಹಾರ್ಮೋನಿಯಂ

ಅಂಕಲ್, ಈಜು ಬಾರದವರಿಗೆ ಮಾವ ಹಾಯಿ ಮುಟ್ಟಲೂ ಕೊಡುವುದಿಲ್ಲ. ಲೈಫ್ ಜಾಕೆಟ್ ಬಕಲ್ ಹಾಕಿ, ಭುಜದ ಪಟ್ಟಿ ಹಿಡಿದು ಮೇಲೆತ್ತಿ ನೋಡುತ್ತಾರೆ. ಜಾಕೆಟ್ ಕಿವಿವರೆಗೆ ಬಂದರೆ ಮತ್ತೆ ಬಿಗಿ ಮಾಡಬೇಕು.

ಮೊದಲು ಕಲಿಸಿದ್ದು ದೋಣಿ ಬಿಡೋದಲ್ಲ, ಮಗುಚೋದು. ಬೇಕಂತಲೇ ಮಗುಚಿ ನೀರಿಗೆ ಬೀಳಬೇಕು. ಬಿದ್ದ ಮೇಲೆ ದೋಣಿ ಬಿಟ್ಟು ಈಜಿಕೊಂಡು ದಡಕ್ಕೆ ಹೋಗುವ ಹಾಗಿಲ್ಲ. ದೋಣಿ ತೇಲುತ್ತಿರುತ್ತದೆ, ಅದನ್ನೇ ಹಿಡಿದುಕೊಂಡಿರಬೇಕು. ಆಮೇಲೆ ಸುತ್ತಿ ತಳದ ಕಡೆಗೆ ಬಂದು, ಹೊರಗೆ ಚಾಚಿರುವ ಡ್ಯಾಗರ್ ಬೋರ್ಡ್ ಹಲಗೆ ಹಿಡಿದು, ಮೈಭಾರವೆಲ್ಲ ಅದರ ಮೇಲೆ ಹಾಕಬೇಕು. ಮೊದಲು ಏನೂ ಆಗುವುದಿಲ್ಲ. ಒಂದು ಗಳಿಗೆ ಆದ ಮೇಲೆ ಹಾಯಿ ನೀರಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ. ಒಳಗೆ ಹತ್ತಿ ಡಬ್ಬದಲ್ಲಿ ನೀರು ತೋಡಬೇಕು. ಎಣ್ಣೆ ಕ್ಯಾನ್ ಕತ್ತರಿಸಿ ಮಾಡಿದ ಡಬ್ಬ, ದಾರ ಕಟ್ಟಿ ದೋಣಿಗೇ ಬಿಗಿದಿರುತ್ತದೆ, ಇಲ್ಲದಿದ್ದರೆ ಅದೇ ಮೊದಲು ತೇಲಿ ಹೋಗುತ್ತದೆ. ನನ್ನ ಜೊತೆ ಕಲಿತ ಹುಡುಗರಿಬ್ಬರೂ ಹೀಗೇ ಕಲಿತರು. ನೀರಿಗೆ ಹುಡುಗ ಹುಡುಗಿ ಗೊತ್ತಾಗಲ್ಲ ಅಂಕಲ್.

ಎರಡು_ಮಕ್ಕಳ_ಅಪ್ಪ

ಜಾಕೆಟ್ ವಿಷಯ ಒಪ್ಪಿದೆ. ಉಳಿದದ್ದು ಒಪ್ಪಿಲ್ಲ.

ಲಾಂಚ್_ಕಾಲದವ

ಪುಟ್ಟಿ, ನಿನ್ನ ಮಾವ ನೀರಿನ ಕೆಳಗಿರುವ ಕೊರಡಿನ ಬಗ್ಗೆ ಹೇಳಿದ್ದಾರಾ? ಈ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದ್ದು 1964ರಲ್ಲಿ. ಮುಳುಗಿದ್ದು ಕಾಡು, ಗದ್ದೆ, ತೋಟ, ಊರು. ನಮ್ಮ ಅಜ್ಜನ ಮನೆಯೂ ಅದರಲ್ಲೇ ಇದೆ. ಎಲ್ಲಾ ಮರ ಕಡಿಯಲಿಲ್ಲ. ಕಡಿದಲ್ಲೂ ಬುಡ ಉಳಿದಿದೆ. ಅಷ್ಟು ವರ್ಷ ನೀರಲ್ಲಿದ್ದರೂ ಕೊಳೆತಿಲ್ಲ, ಬೇಸಿಗೆಯಲ್ಲಿ ನೀರಿಳಿದರೆ ಕಪ್ಪಗೆ ಎದ್ದು ನಿಲ್ಲುತ್ತವೆ. ಅದಕ್ಕೂ ಮುಂಚಿನ ಮಡೆನೂರಿನ ಅಣೆಕಟ್ಟೇ, ಹಿರೇಭಾಸ್ಕರ ಅನ್ನುತ್ತಾರಲ್ಲ, 1948ರದ್ದು, ನೀರು ತೀರಾ ಕಡಿಮೆಯಾದ ವರ್ಷ ಇಡಿಯಾಗಿ ಕಾಣುತ್ತದೆ. ಅಣೆಕಟ್ಟೆಯನ್ನೇ ಅಣೆಕಟ್ಟೆ ಮುಳುಗಿಸಿದ ಊರು ನಮ್ಮದು.

ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈಗ ನವೆಂಬರ್, ನೀರು ಚೆನ್ನಾಗಿದೆ, ನಿನ್ನ ಹಲಗೆಗೆ ಏನೂ ತಾಗುವುದಿಲ್ಲ. ಮಾರ್ಚ್ ಕಳೆದ ಮೇಲೆ ಜೋಪಾನ. ಜನ, ವಾಹನ ದಾಟಿಸುತ್ತಿದ್ದ ಲಾಂಚ್ ಓಡಿಸುವವರಿಗೆ ಎಲ್ಲಿ ಕೊರಡಿದೆ ಅಂತ ಬಾಯಿಪಾಠ ಇರುತ್ತಿತ್ತು. ನಿನ್ನ ಮಾವ ಅವರಲ್ಲಿ ಯಾರನ್ನಾದರೂ ಕೂರಿಸಿಕೊಂಡು ಒಂದು ನಕ್ಷೆ ಬರೆಸಿಕೊಳ್ಳಲಿ. ಸೇತುವೆ ಆದ ಮೇಲೆ ಆ ಲೆಕ್ಕ ಕೇಳುವವರೇ ಇಲ್ಲ.

ಹಿನ್ನೀರು_ಹಾರ್ಮೋನಿಯಂ

ಇದನ್ನು ಮಾವನಿಗೆ ಓದಿ ಹೇಳಿದೆ ಅಜ್ಜ. ನಕ್ಷೆ ವಿಷಯ ಕೇಳಿ ಪೆನ್ನು ಹುಡುಕಲು ಎದ್ದೇಬಿಟ್ಟರು.

ಚುಕ್ಕಾಣಿ_ಹೈದರಾಬಾದ್

ಊರು ಹೊಸನಗರ ತಾಲ್ಲೂಕು, ಕೆಲಸ ಹೈದರಾಬಾದಿನಲ್ಲಿ. ಹುಸೇನ್ ಸಾಗರದಲ್ಲಿ ಹಾಯಿದೋಣಿ ಬಿಡುತ್ತೇನೆ, ವಾರಾಂತ್ಯದಲ್ಲಿ ಮಕ್ಕಳಿಗೆ ಕಲಿಸಲು ಕೈಜೋಡಿಸುತ್ತೇನೆ. ಈ ಚರ್ಚೆ ನೋಡಿ ಹೊಟ್ಟೆಕಿಚ್ಚಾಯಿತು. ಇಲ್ಲಿ ಸುತ್ತಲೂ ಟ್ರಾಫಿಕ್ಕು, ನಡುವೆ ಒಂದು ಕೆರೆ, ಅದರಲ್ಲೇ ಇಷ್ಟೊಂದು ಮಕ್ಕಳು. ನಮ್ಮೂರಲ್ಲಿ 300 ಚದರ ಕಿಲೋಮೀಟರಿಗೂ ಜಾಸ್ತಿ ನೀರು, ಅದರಲ್ಲಿ ಹಾಯಿ ಬಿಚ್ಚುವವರು ಬೆರಳೆಣಿಕೆ.

ಮೊದಲು ಕೈ ವಿಷಯ. ಗುಳ್ಳೆ ಒಡೆಯಬೇಡ. ಅಂಗಡಿಯಲ್ಲಿ ಸೈಕಲ್ ಗ್ಲೌಸ್ ಸಿಗುತ್ತದೆ, ಅರ್ಧ ಬೆರಳಿನದು, ಅದು ಸಾಕು. ಆದರೆ ಗುಳ್ಳೆ ಯಾಕೆ ಬಂತು ಅಂತಲೂ ಯೋಚಿಸು. ಹೊಸಬರು ಹಗ್ಗವನ್ನು ಬೆರಳಿನ ತುದಿಯಲ್ಲಿ ಹಿಡಿದು ಎಳೆಯುತ್ತಾರೆ. ಮುಷ್ಟಿಯಲ್ಲಿ ಹಿಡಿ, ಹೆಬ್ಬೆರಳು ಮೇಲೆ ಇರಲಿ. ಕೈಗೆ ಮಾತ್ರ ಸುತ್ತಿಕೊಳ್ಳಬೇಡ. ಗಾಳಿ ಜೋರಾದಾಗ ತಕ್ಷಣ ಸಡಿಲ ಬಿಡಲು ಬರಬೇಕು. ಇನ್ನೊಂದು, ಬಲಗೈಯಲ್ಲಿ ಮಾತ್ರ ಗುಳ್ಳೆ ಅಂದರೆ ನೀನು ಜಾಸ್ತಿ ಒಂದೇ ಬದಿ ಕೂತು ಓಡಿಸುತ್ತಿದ್ದೀಯ. ಟ್ಯಾಕ್ ಮಾಡಿ, ಅಂದರೆ ದೋಣಿಯ ಮೂತಿಯನ್ನು ಗಾಳಿಯ ದಿಕ್ಕು ದಾಟಿಸಿ ತಿರುಗಿಸಿ, ಬದಿ ಬದಲಾಯಿಸಿದಾಗ ಟಿಲ್ಲರ್ (ಚುಕ್ಕಾಣಿಯ ಹಿಡಿ) ಮತ್ತು ಹಗ್ಗದ ಕೈಗಳೂ ಅದಲು ಬದಲಾಗುತ್ತವೆ. ಎಡಗೈಗೂ ಸಮ ಪಾಲು ಕೊಡು. ಪೇಟಿಯಲ್ಲಿ ಎಡಗೈಗೆ ಬರೀ ತಿದಿ ಒತ್ತುವ ಕೆಲಸ ತಾನೆ, ಉರಿದರೂ ನಡೆಯುತ್ತದೆ.

ಇನ್ನು ಗಾಳಿ. ಇಲ್ಲಿ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಹಾಯಿದೋಣಿ ಗಾಳಿ ತಳ್ಳಿದ ಕಡೆ ಮಾತ್ರ ಹೋಗುವುದಲ್ಲ. ಗಾಳಿ ಬರುವ ದಿಕ್ಕಿಗೆ ನೇರ ಮುಖ ಮಾಡಿದರೆ ಹಾಯಿ ಪಟಪಟ ಹೊಡೆದುಕೊಂಡು ದೋಣಿ ನಿಲ್ಲುತ್ತದೆ. ಆ ದಿಕ್ಕಿನಿಂದ ಎಡಕ್ಕೋ ಬಲಕ್ಕೋ ಸುಮಾರು 45 ಡಿಗ್ರಿ ತಿರುಗಿಸಿದರೆ ಹಾಯಿ ತುಂಬುತ್ತದೆ. ತಳದ ಹಲಗೆ ದೋಣಿಯನ್ನು ಪಕ್ಕಕ್ಕೆ ಜಾರಲು ಬಿಡುವುದಿಲ್ಲ, ಮುಂದಕ್ಕೇ ಹೋಗಬೇಕಾಗುತ್ತದೆ. ಹೀಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಹೋಗಿ ಗಾಳಿಯ ಎದುರಿನ ದಡ ಮುಟ್ಟಬಹುದು.

ನಮ್ಮ ಹಿನ್ನೀರಿನ ಕಷ್ಟ ಬೇರೆ. ಗುಡ್ಡ, ಕಣಿವೆ, ನಡುಗಡ್ಡೆ. ಗುಡ್ಡದ ಮರೆಯಲ್ಲಿ ಗಾಳಿ ಸತ್ತಿರುತ್ತದೆ, ಕಣಿವೆ ಬಾಯಿಗೆ ಬಂದ ಕೂಡಲೇ ದಬಕ್ಕನೆ ಹೊಡೆಯುತ್ತದೆ. ದೂರ ನೋಡುತ್ತಿರು. ನೀರಿನ ಮೇಲೆ ಕಪ್ಪಗೆ ನಿರಿಗೆ ಎದ್ದು ನಿನ್ನ ಕಡೆ ಓಡಿ ಬರುತ್ತಿದ್ದರೆ ಅದೇ ಗಾಳಿ. ಬಂದು ಮುಟ್ಟುವ ಮೊದಲೇ ಮೈ ಹೊರಗೆ ಚಾಚಿ ಕೂರಬೇಕು, ಹಗ್ಗ ಸ್ವಲ್ಪ ಬಿಡಬೇಕು. ಮುಟ್ಟಿದ ಮೇಲೆ ಯೋಚಿಸಿದರೆ ನಿನ್ನ ಎಣ್ಣೆ ಕ್ಯಾನಿಗೆ ಕೆಲಸ. ಮಳೆಗಾಲದ ಗಾಳಿ ಆಸೆ ಹುಟ್ಟಿಸುತ್ತದೆ, ಹೋಗಬೇಡ. ನಿಮ್ಮ ಮಾವನೇ ಬಿಡುವುದಿಲ್ಲ ಬಿಡು.

ವಯಸ್ಸು ಎಷ್ಟು? ಆಪ್ಟಿಮಿಸ್ಟ್ ರೇಸಿಗೆ 15 ತುಂಬುವ ವರ್ಷದವರೆಗೆ ಮಾತ್ರ ಅವಕಾಶ. ಎಂಟು ಅಡಿಯೂ ಇಲ್ಲದ ದೋಣಿ, 35 ಕೆಜಿ, ಮಕ್ಕಳಿಗೆಂದೇ 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾಡಿದ್ದು. ನೀನು ಬೇಗ ಅದನ್ನು ದಾಟುತ್ತೀಯ. ಆಮೇಲೆ ಐಎಲ್‌ಸಿಎ 4, ಒಬ್ಬರೇ ಬಿಡುವ ಇನ್ನೂ ದೊಡ್ಡ ದೋಣಿ, ಮೊದಲು ಲೇಸರ್ 4.7 ಅನ್ನುತ್ತಿದ್ದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಬೆಳ್ಳಿ ಗೆದ್ದಿದ್ದು ಅದರಲ್ಲೇ. ಮಧ್ಯಪ್ರದೇಶದ ರೈತರ ಮನೆ ಹುಡುಗಿ, ಕಲಿತದ್ದು ಭೋಪಾಲದ ಕೆರೆಯಲ್ಲಿ. ಸಮುದ್ರ ಇಲ್ಲದ ರಾಜ್ಯ ಅದು. ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗೆ ಅರ್ಹತೆ ಪಡೆದ ನಮ್ಮ ದೇಶದ ಮೊದಲ ಮಹಿಳೆ ಚೆನ್ನೈನ ನೇತ್ರಾ ಕುಮನನ್. ಅಪ್ಪ ಅವರು 625 ಅಂದರಲ್ಲ, ಅದಕ್ಕೆ ಹೇಳಿದೆ. ಕೇಳುವವರೂ ಇದ್ದಾರೆ.

ಎರಡು_ಮಕ್ಕಳ_ಅಪ್ಪ

ಲಕ್ಷಕ್ಕೆ ಒಬ್ಬರನ್ನು ತೋರಿಸಿ ಉಳಿದವರನ್ನೆಲ್ಲ ನೀರಿಗಿಳಿಸಬೇಡಿ ಸ್ವಾಮಿ.

ಚುಕ್ಕಾಣಿ_ಹೈದರಾಬಾದ್

ನೀರಿಗಿಳಿಯಲು ಪದಕ ಬೇಕಾಗಿಲ್ಲ ಸಾರ್. ನಾನೂ ಯಾವ ಪದಕ ಗೆದ್ದವನಲ್ಲ. ಶನಿವಾರ ಬಂದರೆ ಆಫೀಸು ಮರೆತು ಹೋಗುತ್ತದೆ, ಅಷ್ಟೇ.

ಸಂಗೀತದ_ಅಕ್ಕ

ದೋಣಿ ವಿಷಯ ನನಗೆ ಗೊತ್ತಿಲ್ಲ. ಆ ಹುಡುಗನ ದನಿ ವಿಷಯ ಯಾರೂ ಎತ್ತಲಿಲ್ಲವಲ್ಲ! ಶಿವಮೊಗ್ಗದಲ್ಲಿ ಪಾಠ ಹೇಳುತ್ತೇನೆ, ಪ್ರತಿ ವರ್ಷ ಒಬ್ಬಿಬ್ಬರು ಹೀಗೆ ಸಿಗುತ್ತಾರೆ.

ಪುಟ್ಟಿ, ಪ್ರಾಕ್ಟೀಸು ಜಾಸ್ತಿ ಮಾಡಿದರೆ ಅದು ಸರಿಯಾಗುವುದಿಲ್ಲ. ಇನ್ನೂ ಹಾಳಾಗುತ್ತದೆ. ಗಂಟಲಿನ ತಂತುಗಳು ಬೆಳೆಯುತ್ತಿರುವ ಹೊತ್ತಿದು, ಮೇಲಿನ ಸ್ವರಕ್ಕೆ ಒತ್ತಡ ಹಾಕಿ ಹಾಡಿಸಬಾರದು. ಅವನಿಗೆ ಅವಮಾನ ಮಾಡಿ ತಂಡದಿಂದ ತೆಗೆಯಲೂಬೇಡಿ. ನಗುತ್ತಾ ನಿಲ್ಲಿಸುತ್ತಾನೆ ಅಂದೆಯಲ್ಲ, ಹುಡುಗರು ಆ ವಯಸ್ಸಿನಲ್ಲಿ ಅಳುವ ಬದಲು ಹಾಗೇ ಮಾಡೋದು.

ನಿಮ್ಮ ಶ್ರುತಿ ಯಾವುದು? ಹುಡುಗಿಯರು ಎಷ್ಟು ಜನ?

ಹಿನ್ನೀರು_ಹಾರ್ಮೋನಿಯಂ

ಕಪ್ಪು ನಾಲ್ಕು ಅಕ್ಕ, ಪೇಟಿಯ ನಾಲ್ಕನೇ ಕಪ್ಪು ಮನೆ. ಹಾಡುವವರು ನಾಲ್ಕು ಜನ, ಅದರಲ್ಲಿ ಮೂರು ಹುಡುಗಿಯರು. ತಾಳ ಕಹರ್ವಾ.

ಸಂಗೀತದ_ಅಕ್ಕ

ಹಾಗಾದರೆ ಒಂದು ಮೆಟ್ಟಿಲು ಇಳಿಸಿ ಕಪ್ಪು ಮೂರಕ್ಕೆ ಬನ್ನಿ. ಅದಕ್ಕಿಂತ ಕೆಳಗೆ ಹೋದರೆ ಹುಡುಗಿಯರ ದನಿ ಹೂತು ಹೋಗುತ್ತದೆ. ಆಮೇಲೆ ಪಾಲು ಬದಲಾಯಿಸಿ. ಶುರುವಿನಲ್ಲಿ ತಾಳ ಇಲ್ಲದೆ ಬಿಡಿಯಾಗಿ ಹೇಳುವ ಸಾಲುಗಳಿರುತ್ತವಲ್ಲ, ಅದು ಅವನಿಗೆ. ಕೆಳಗಿನ ಸ್ವರದಲ್ಲಿ, ನಿಧಾನವಾಗಿ, ಅರ್ಧ ಮಾತಿನ ಹಾಗೆ. ಹೊಸ ದನಿಗೆ ಒಂದು ಗಾಂಭೀರ್ಯ ಬಂದಿರುತ್ತದೆ, ಅಲ್ಲಿ ಚೆನ್ನಾಗಿ ಕೇಳಿಸುತ್ತದೆ. ತಾಳ ಶುರುವಾದ ಮೇಲೆ ಮೇಲಿನ ಸಾಲು ಎತ್ತುವುದು ನಿನ್ನ ಗೆಳತಿಗೆ ಕೊಡಿ. ಅವಳಿಗೆ ಅಷ್ಟು ಕಂಠ ಇದೆಯಾ?

ಹಿನ್ನೀರು_ಹಾರ್ಮೋನಿಯಂ

ಇದೆ ಅಕ್ಕ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಹಾಡಿದರೆ ಗೇಟಿನವರೆಗೆ ಕೇಳುತ್ತದಂತೆ. ಆದರೆ ಮಾತೇ ಆಡುತ್ತಿಲ್ಲವಲ್ಲ.

ಕಪ್ಪು ಮೂರಕ್ಕೆ ಇಳಿಸಿದರೆ ನನ್ನ ಬೆರಳೆಲ್ಲ ಮೊದಲಿಂದ ಕೂರಿಸಬೇಕು. ಶಾಲೆಯ ಪೇಟಿ ಸ್ಕೇಲ್ ಚೇಂಜರ್ ಅಲ್ಲ, ಬೆರಳು ಅಲ್ಲೇ ಇಟ್ಟು ಶ್ರುತಿ ಬದಲಿಸಲು ಬರುವುದಿಲ್ಲ. ಒಂದು ಮನೆ ಬೇರೆ ಒತ್ತಿದರೆ ಕೀಂಯ್ ಅನ್ನುತ್ತದೆ.

ಸಂಗೀತದ_ಅಕ್ಕ

ಬೆರಳು ಕೂರಿಸೋದು ನೀನೊಬ್ಬಳೇ ಮನೆಯಲ್ಲಿ ಮಾಡುವ ಕೆಲಸ. ಅದಕ್ಕೆ ಆರು ಜನ ಶನಿವಾರ ಕಾಯಬೇಕಾಗಿಲ್ಲ. ಚಪ್ಪಾಳೆಗೆ ಮಾತ್ರ ಎಲ್ಲರೂ ಒಟ್ಟಿಗೆ ಬೇಕು. ಅದು ಸರಿ ಬೀಳದಿದ್ದರೆ ಕೊಯ್ಲಿನ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿದ ಸದ್ದಿನ ಹಾಗಿರುತ್ತದೆ, ತೀರ್ಪುಗಾರರು ಮೊದಲು ನೋಡೋದೇ ಅದನ್ನು. ನೀವು ಪ್ರತಿ ಸಲ ಕೂತು ಪೂರ್ತಿ ಹಾಡನ್ನೇ ಹೇಳುತ್ತಿದ್ದೀರಿ ಅನಿಸುತ್ತದೆ. ಒಂಟಿಯಾಗಿ ಕಲಿಯುವುದನ್ನು ಒಂಟಿಯಾಗಿ ಕಲಿತು ಬಂದರೆ ಒಟ್ಟಿಗೆ ಕೂರುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಕರೂರು_ಹೋಬಳಿ

ನಾನು ನಿನ್ನ ಗೆಳತಿಯ ಊರಿನ ಕಡೆಯವಳು. ಈಗ ನರ್ಸ್, ಶಿವಮೊಗ್ಗದಲ್ಲಿ. ಹೈಸ್ಕೂಲು ಓದಿದ್ದು ಸಾಗರದ ಹಾಸ್ಟೆಲ್‌ನಲ್ಲಿ. ದೋಣಿ, ಕವ್ವಾಲಿ ಎರಡನ್ನೂ ಬದಿಗಿಟ್ಟು ಹಾಸ್ಟೆಲ್ ಹುಡುಗಿಯ ಶನಿವಾರ ಹೇಗಿರುತ್ತದೆ ಅಂತ ಹೇಳುತ್ತೇನೆ.

ನಮಗೆ ವಾರಕ್ಕೆ ಇದ್ದದ್ದೇ ಅದೊಂದು. ಬೆಳಗಿನ ಶಾಲೆ ಬಿಟ್ಟ ಕೂಡಲೇ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆವು. ಹೊಳೆಬಾಗಿಲಿಗೆ ಬಂದರೆ ಲಾಂಚ್ ಆ ದಡದಲ್ಲಿರುತ್ತಿತ್ತು. ಸಿಗಂದೂರಿಗೆ ಹೋಗುವ ಭಕ್ತರ ಕಾರು ಸಾಲಾಗಿ ನಿಂತಿರುತ್ತಿದ್ದವು. ಸಂಜೆ ಮೇಲೆ ಲಾಂಚ್ ಇಲ್ಲ. ಬಸ್ ತಪ್ಪಿದರೆ ಲಾಂಚ್ ತಪ್ಪಿತು, ಲಾಂಚ್ ತಪ್ಪಿದರೆ ಆ ವಾರ ಅಮ್ಮನ ಮುಖ ಇಲ್ಲ. ನಮ್ಮ ಮನೆಯಲ್ಲಿ ಶನಿವಾರ ರಾತ್ರಿ ನನಗಾಗಿ ಕೊಟ್ಟೆ ಕಡುಬು ಮಾಡಿಡುತ್ತಿದ್ದರು. ಬರದಿದ್ದರೆ ಅದು ಹಾಗೇ ಇರುತ್ತಿತ್ತು ಅಂತ ತಮ್ಮ ಹೇಳುತ್ತಿದ್ದ.

2025ರ ಜುಲೈ 14ಕ್ಕೆ ಲಾಂಚಿನ ಬದಲು ಹಿನ್ನೀರಿನ ಮೇಲೆ ಸೇತುವೆ ಶುರುವಾಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. ಈಗ ಕಾಯುವುದು ತಪ್ಪಿದೆ, ಒಪ್ಪಿದೆ. ಆದರೂ ಶನಿವಾರ ಮಧ್ಯಾಹ್ನ ಉಳಿದುಕೊಂಡರೆ ಮನೆಗೆ ಹೋಗುವುದು ಕತ್ತಲೆಗೆ. ಅವಳು ನಿಮ್ಮ ತಂಡಕ್ಕಾಗಿ ಮಧ್ಯಾಹ್ನದ ಬಸ್ ಬಿಟ್ಟು ಕೂತಿರುತ್ತಾಳೆ. ಅಂಥ ದಿನ ನಿನ್ನ ಮಾವನ ಬೈಕಿನ ಹಾರ್ನ್ ಕೇಳಿಸಿದೆ.

ಅವಳಿಗೆ ಮೆಸೇಜ್ ಮಾಡಿ ಸಾರಿ ಅಂತೆಲ್ಲ ಬರೆಯಬೇಡ. ಹಾಸ್ಟೆಲ್‌ನಲ್ಲಿ ಫೋನ್ ಇರುವುದೂ ಇಲ್ಲ. ಬ್ಯಾಗು ಎತ್ತಿ ಪಕ್ಕಕ್ಕಿಟ್ಟು ಕೂತುಕೋ.

ಗಣಪತಿಕೆರೆ_ದಂಡೆ

ಅಕ್ಕ, ಕಡುಬು ಅಂದು ಹೊಟ್ಟೆ ಉರಿಸಿದಿರಿ. ಪಿಜಿಯಲ್ಲಿ ಕೂತು ಓದುತ್ತಿದ್ದೇನೆ.

ಹಿನ್ನೀರು_ಹಾರ್ಮೋನಿಯಂ

ಕರೂರು ಅಕ್ಕ, ಅವಳು ಬಸ್ಸಿನ ವಿಷಯ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಶನಿವಾರ ಸಂಜೆ ಚಿಕ್ಕಪ್ಪ ಬಂದು ಕರೆದುಕೊಂಡು ಹೋಗುತ್ತಾರೆ ಅಂದಿದ್ದಳು.

ಹೀಗೆ ಮಾಡಿದರೆ ಹೇಗೆ? ಭಾನುವಾರ ನಾವೇ ಅವಳ ಮನೆಗೆ ಹೋಗುವುದು. ಬಸ್ಸಿದೆ, ಸೇತುವೆ ಇದೆ. ಶನಿವಾರ ಅವಳು ಮಧ್ಯಾಹ್ನವೇ ಹೋಗಲಿ. ಪೇಟಿ ಒಂದು ಭಾರ, ತಬಲಾ ಹುಡುಗ ಹೊರುತ್ತಾನೆ. ಭಾನುವಾರ ನನಗೆ ಹೇಗೂ ದೋಣಿ ಸಿಗುವುದಿಲ್ಲ.

ಕರೂರು_ಹೋಬಳಿ

ಹೋಗಿ. ಮುಂಚೆ ಅವಳ ಅಮ್ಮನಿಗೆ ತಿಳಿಸಿ, ಆರು ಜನ ದಿಢೀರ್ ಅಂತ ಬಂದರೆ ಅನ್ನಕ್ಕೆ ಪರದಾಡುತ್ತಾರೆ. ನಿಮ್ಮ ಸರ್ ಅಥವಾ ಮನೆಯ ಹಿರಿಯರು ಒಬ್ಬರು ಜೊತೆಗಿರಲಿ.

ಸಂಗೀತದ_ಅಕ್ಕ

ಅಡಿಕೆ ಒಣಗಿಸುವ ಅಂಗಳದಲ್ಲಿ ಕೂತು ಹಾಡಿ. ಕೋಣೆಯೊಳಗೆ ಎಲ್ಲರ ದನಿಯೂ ಚೆನ್ನಾಗಿಯೇ ಕೇಳುತ್ತದೆ, ಬಯಲಿನಲ್ಲಿ ನಿಜ ಗೊತ್ತಾಗುತ್ತದೆ.

ಎರಡು_ಮಕ್ಕಳ_ಅಪ್ಪ

ಓದೋದು ಯಾವಾಗ?

ಹಿನ್ನೀರು_ಹಾರ್ಮೋನಿಯಂ

ಬೆಳಿಗ್ಗೆ ಐದೂವರೆಗೆ ಅಂಕಲ್. ಸುಳ್ಳಲ್ಲ. ಆ ಹೊತ್ತಿಗೆ ಹಾರ್ಮೋನಿಯಂ ನುಡಿಸಿದರೆ ಅಕ್ಕಪಕ್ಕದವರು ಬಿಡುವುದಿಲ್ಲ, ಹಿನ್ನೀರಿನಲ್ಲಿ ಗಾಳಿಯೂ ಇರುವುದಿಲ್ಲ.

ಎರಡು_ಮಕ್ಕಳ_ಅಪ್ಪ

ಇದು ಪರವಾಗಿಲ್ಲ.

ಲಾಂಚ್_ಕಾಲದವ

ಒಂದು ಮಾತು ಎಲ್ಲರಿಗೂ. ಇದನ್ನು ಓದಿ ನಾಳೆ ಯಾರಾದರೂ ಟ್ಯೂಬು, ಥರ್ಮೋಕೋಲು ಕಟ್ಟಿಕೊಂಡು ಹಿನ್ನೀರಿಗೆ ಇಳಿಯಬೇಡಿ. ಆ ನೀರು ಕೆಪಿಸಿ ಅನ್ನುವ ವಿದ್ಯುತ್ ನಿಗಮದ್ದು, ದಡ ಬಹಳ ಕಡೆ ಅಭಯಾರಣ್ಯದ್ದು. ಅನುಮತಿ, ಜಾಕೆಟ್ಟು, ಕಲಿಸುವವರು, ಮೂರೂ ಇರುವ ಜಾಗಕ್ಕೆ ಹೋಗಿ.

ಮಲೆನಾಡ_ಹೈಸ್ಕೂಲ್_ಹುಡುಗ

ನಾನು ತೀರ್ಥಹಳ್ಳಿ, ಎಂಟನೇ ಕ್ಲಾಸು. ನನಗೂ ಕಲಿಯಬೇಕು. ಹಿನ್ನೀರು ದೂರ. ಎಲ್ಲಿ ಕೇಳಬೇಕು?

ಚುಕ್ಕಾಣಿ_ಹೈದರಾಬಾದ್

ತಮ್ಮಾ, ಮೊದಲು ಈಜು ಕಲಿ, ಅದಕ್ಕೆ ತುಂಗಾ ನದಿಗೆ ಒಬ್ಬನೇ ಇಳಿಯಬೇಡ. ನೀರಿನ ಆಟಗಳ ಶಿಬಿರಕ್ಕೆ ಸರ್ಕಾರದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಬರುತ್ತದೆ. ಶಿವಮೊಗ್ಗದ ಇಲಾಖೆ ಕಚೇರಿಯಲ್ಲಿ ಅಪ್ಪನ ಹತ್ತಿರ ವಿಚಾರಿಸು. ಮುಂದೆ ಓದಲು ಮಂಗಳೂರಿಗೋ ಉಡುಪಿಗೋ ಹೋದರೆ ಎನ್‌ಸಿಸಿಯಲ್ಲಿ ನೌಕಾ ವಿಭಾಗ ಸೇರು. ಅಲ್ಲಿ ಎಂಟರ್‌ಪ್ರೈಸ್ ಅಂತ ಇಬ್ಬರ ದೋಣಿಯಲ್ಲಿ ಹಾಯಿ ಕಲಿಸುತ್ತಾರೆ.

ಹಿನ್ನೀರು_ಹಾರ್ಮೋನಿಯಂ

ಎರಡು ವಾರದ ಸುದ್ದಿ ಒಟ್ಟಿಗೆ ಹೇಳಿಬಿಡುತ್ತೇನೆ.

ಸೋಮವಾರ ಬ್ಯಾಗು ಎತ್ತಿ ಪಕ್ಕಕ್ಕಿಟ್ಟೆ. ಅವಳು ಮತ್ತೆ ನಡುವೆ ಇಟ್ಟಳು. ನಾನು ಮತ್ತೆ ಎತ್ತಿದೆ. ಸಮಾಜ ಪಾಠದ ಸರ್ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು. ನಿಂತಲ್ಲೇ ನಗು ಬಂತು. ಅಲ್ಲಿಗೆ ಸರಿಯಾಯಿತು. ಬಸ್ಸಿನ ವಿಷ್ಯ ಯಾಕೆ ಹೇಳಲಿಲ್ಲ ಅಂದರೆ, ನೀನು ಕೇಳಿದ್ದಿದ್ದರೆ ಹೇಳುತ್ತಿದ್ದೆ ಅಂದಳು.

ಭಾನುವಾರ ತುಮರಿಗೆ ಹೋದೆವು, ತಬಲಾ ಹುಡುಗನ ಅಮ್ಮ ಜೊತೆಗೆ ಬಂದರು. ಶ್ರುತಿ ಕಪ್ಪು ಮೂರಕ್ಕೆ ಬಂದಿದೆ. ನಮ್ಮ ಹಾಡುಗಾರ ಶುರುವಿನ ಸಾಲು ಹೇಳುತ್ತಿದ್ದಾಗ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಅವಳ ಅಜ್ಜ ಕೆಲಸ ನಿಲ್ಲಿಸಿ ಕೇಳಿದರು. ಅದೇ ಖುಷಿಗೆ ಎರಡನೇ ಸಾಲಿನಲ್ಲಿ ಅವನ ದನಿ ಮತ್ತೆ ಕೀಚಲಾಯಿತು. ಅದಿನ್ನೂ ಪೂರ್ತಿ ಹೋಗಿಲ್ಲ. ಮೇಲಿನ ಸಾಲು ಅವಳು ಎತ್ತುತ್ತಾಳೆ. ಚಪ್ಪಾಳೆ ಈಗ ಒಟ್ಟಿಗೆ ಬೀಳುತ್ತಿದೆ, ಕೊನೆಯ ಜೋರು ಭಾಗ ಬಿಟ್ಟು.

ತಾಲ್ಲೂಕು ಸ್ಪರ್ಧೆ ಬರುವ ವಾರ. ಅದು ಮುಗಿಯುವವರೆಗೆ ದೋಣಿ ಇಲ್ಲ ಅಂತ ಅಮ್ಮನ ಹತ್ತಿರ ಒಪ್ಪಂದ ಆಗಿದೆ. ಆಮೇಲೆ ಒಂದು ಶನಿವಾರ ಬಿಟ್ಟು ಒಂದು ಶನಿವಾರ. ಪರೀಕ್ಷೆ ತಿಂಗಳಲ್ಲಿ ಏನೂ ಇಲ್ಲ. ಹತ್ತನೇ ಕ್ಲಾಸಿನ ಮಾತು ಈಗ ಬೇಡ ಅಂತ ಅಪ್ಪ ಅಂದರು. ಕೊಯ್ಲು ಶುರುವಾದ ಮೇಲೆ ಅವರು ಈ ವಿಷಯದಲ್ಲಿ ಆಡಿದ ಮೊದಲ ಮಾತು ಅದು.

ಗ್ಲೌಸ್ ಸಿಕ್ಕಿತು, ಸೈಕಲ್ ಅಂಗಡಿಯಲ್ಲಿ. ಮುಷ್ಟಿ ಹಿಡಿತಕ್ಕೆ ಇನ್ನೂ ಕೈ ಒಗ್ಗಿಲ್ಲ.

ಚುಕ್ಕಾಣಿ ಅಣ್ಣ, ಒಂದು ಪ್ರಶ್ನೆ ಉಳಿದಿದೆ. ಅವಳಿಗೂ ಇಬ್ಬರ ದೋಣಿಯಲ್ಲಿ ಕೂರಬೇಕಂತೆ. ಈಜು ಚೆನ್ನಾಗಿ ಬರುತ್ತದೆ, ಹೊಳೆದಂಡೆಯವಳು. ಇಬ್ಬರ ದೋಣಿಯಲ್ಲಿ ಮುಂದೆ ಕೂರುವವರಿಗೆ ಎಂತ ಕೆಲಸ?

ಚುಕ್ಕಾಣಿ_ಹೈದರಾಬಾದ್

ಮುಂದಿನ ಸಣ್ಣ ಹಾಯಿಯ ಹಗ್ಗ ಅವಳ ಕೈಯಲ್ಲಿ. ದೋಣಿ ವಾಲಿದಾಗ ಎದುರು ಬದಿಗೆ ಮೈಭಾರ ಕೊಡೋದೂ ಅವಳೇ. ಕಪ್ಪು ನಿರಿಗೆ ಬರೋದನ್ನು ಮೊದಲು ನೋಡಿ ಕೂಗಿ ಹೇಳಬೇಕು, ಗೇಟಿನವರೆಗೆ ಕೇಳುವ ದನಿ ಅಂದೆಯಲ್ಲ, ಅದು ಉಪಯೋಗಕ್ಕೆ ಬರುತ್ತದೆ. ಟ್ಯಾಕ್ ಮಾಡುವ ಮೊದಲು ನೀನು ಹೇಳಲೇಬೇಕು, ಸುಮ್ನೆ ತಿರುಗಿಸಿದರೆ ಬೂಮ್, ಹಾಯಿಯ ಕೆಳಗಿನ ಅಡ್ಡಕೋಲು, ಅವಳ ತಲೆಗೆ ಬಡಿಯುತ್ತದೆ, ಆಗ ಬ್ಯಾಗು ಮತ್ತೆ ನಡುವೆ ಬರುತ್ತದೆ. ಮೊದಲ ಕೆಲವು ಸಲ ಮಾವ ನಿನ್ನ ಜಾಗದಲ್ಲಿ ಕೂತು ಅವಳನ್ನು ಕರೆದುಕೊಂಡು ಹೋಗಲಿ. ಮಗುಚುವ ಪಾಠ ಅವಳಿಗೂ ತಪ್ಪುವುದಿಲ್ಲ.

ಗಣಪತಿಕೆರೆ_ದಂಡೆ

ತಾಲ್ಲೂಕು ಸ್ಪರ್ಧೆ ಎಲ್ಲಿ? ಊರಿಗೆ ಬರುತ್ತಿದ್ದೇನೆ, ಕೊನೆಯ ಜೋರು ಭಾಗಕ್ಕೆ ಹಿಂದಿನ ಸಾಲಿನಿಂದ ಚಪ್ಪಾಳೆ ಹಾಕುತ್ತೇನೆ.

ಹಿನ್ನೀರು_ಹಾರ್ಮೋನಿಯಂ

ಬೇಡ ಮಾರಾಯ, ತಾಳ ತಪ್ಪಿಸುತ್ತೀಯ. ಮುಗಿದ ಮೇಲೆ ಹಾಕು.